ಪ್ರಶ್ನಿಸಲು ಕಲಿಸಿದ ಮೇಷ್ಟ್ರು ಎಚ್.ಎನ್.

ಗ್ರಹಣದ ಹೊತ್ತು ಊಟ ಏಕೆ ಮಾಡಬಾರದೆಂದು ಕ್ಲಾಂಗ್ ಬಂದರಿನ ನಮ್ಮ ಮನೆಯಲ್ಲಿ ಮಗಳು ಕೇಳಿದಾಗ, ವೈದ್ಯರಾದ ನಾವೇ ಸುಮ್ಮನಿರೆಂದು ಗದರಿದೆವು. ಆಮೇಲೆ ನಾಚಿಕೆಯಾಯಿತು. ನೆನಪಾದವರು ಡಾ. ಎಚ್. ನರಸಿಂಹಯ್ಯನವರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಎಚ್.ಎನ್., ಓದಲೆಂದು ಬೆಂಗಳೂರಿಗೆ ನಡೆದೇ ಬಂದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಅಮೆರಿಕದ ಓಹಿಯೋದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ತಾಯ್ನಾಡಿಗೆ ಮರಳಿ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. ಖಾದಿಯುಟ್ಟ ಈ ಬ್ರಹ್ಮಚಾರಿ ಬಾಳಿದ್ದು ವಿದ್ಯಾರ್ಥಿನಿಲಯದ ಕೋಣೆಯಲ್ಲಿ. ವಿಜ್ಞಾನ ಜನರಿಗೂ ತಲುಪಲೆಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಹಾಗೂ ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿ ರಚಿಸಿದರು. ಪರೀಕ್ಷೆಗೆ ಒಪ್ಪುವಂತೆ ಸತ್ಯ ಸಾಯಿಬಾಬಾ ಅವರಿಗೂ ಪತ್ರ ಬರೆದರು. ಉತ್ತರ ಬರಲಿಲ್ಲ, ಟೀಕೆಗಳು ಬಂದವು. ಎಚ್.ಎನ್. ಅಳುಕಲಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದೇ ಅವರು ವಿದ್ಯಾರ್ಥಿಗಳಿಗೆ ಕೊಟ್ಟ ಪಾಠ. 1984ರಲ್ಲಿ ಪದ್ಮಭೂಷಣ ಸಂದಿತು, 2005ರಲ್ಲಿ ನಿಧನರಾದರು.

ಕಡಲಾಚೆಯಲ್ಲಿರುವ ನಾವು ಮಕ್ಕಳಿಗೆ ಹಬ್ಬ, ಹಾಡು, ನುಡಿಗಳನ್ನು ಅಕ್ಕರೆಯಿಂದ ಕಲಿಸುತ್ತೇವೆ. ಪ್ರಶ್ನೆ ಕೇಳಿದ ಮಗು ಸಂಸ್ಕೃತಿಯನ್ನು ಮರೆತಂತಲ್ಲ, ಎಚ್.ಎನ್. ಅವರೂ ಅಪ್ಪಟ ಕನ್ನಡಿಗರೇ. ಮುಂದಿನ ಗ್ರಹಣಕ್ಕೆ ನಮ್ಮ ಮನೆಯಲ್ಲಿ ಮಗಳಿಗೆ ಊಟವೂ ಉಂಟು, ಉತ್ತರವೂ ಉಂಟು.