ದಾಕು ಹಾಕಿದ ದೊಡ್ಡ ಸ್ವಾಮಿ



ಸೇವೆ ಎಂದ ಕೂಡಲೇ ಕೆಂಗಲ್ಲಿನವರಾದ ನಮ್ಮ ಕಣ್ಣ ಮುಂದೆ ನಿಲ್ಲುವವನು ಹನುಮಂತರಾಯ. ಸಮುದ್ರ ಹಾರಿದವನೇ ಆದರೂ ರಾಮನ ಪಾದದ ಹತ್ತಿರ ಕೈಮುಗಿದು ಕೂತವನು. ಕ್ರೈಸ್ತರಲ್ಲೂ ಇಂಥದೇ ಒಂದು ಪಾಠವಿದೆ. ಯೇಸುಸ್ವಾಮಿ ಕೊನೆಯ ಊಟದ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ತನ್ನ ಶಿಷ್ಯರ ಕಾಲು ತೊಳೆದನೆಂದು ಅವರ ಗ್ರಂಥ ಹೇಳುತ್ತದೆ. ಆ ಪಾಠವನ್ನು ನಮ್ಮ ಮೈಸೂರು ಸೀಮೆಯಲ್ಲೇ ಬಾಳಿ ತೋರಿಸಿದ ಒಬ್ಬ ಪಾದ್ರಿಯ ಕಥೆಯನ್ನು ಈ ಬೆಳ್ಳಿಹಬ್ಬದ ಸಂಚಿಕೆಗೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಸಂಜೆ ಸಂಘಕ್ಕೆ ಹಾಲು ಹಾಕುವ ನಮಗೂ ಆ ಕಥೆಗೂ ಒಂದು ನಂಟಿದೆ, ಅದನ್ನು ಮುಂದೆ ಹೇಳುತ್ತೇನೆ.

ಅವರ ಹೆಸರು ಅಬ್ಬೆ ದುಬಾಯ್. ಫ್ರಾನ್ಸ್ ದೇಶದವರು. 1792ರಲ್ಲಿ, ಅಲ್ಲಿ ಮಹಾಕ್ರಾಂತಿ ನಡೆಯುತ್ತಿದ್ದಾಗ, ಪಾದ್ರಿಯಾಗಿ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಸೇರಿದ ಮೇಲೆ, ಚೆದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಲು ಅವರನ್ನು ಅಲ್ಲಿಗೆ ಕರೆಸಿದರು. ನಮ್ಮೂರಿನ ಮುಂದೆ ಹಾದುಹೋಗುವ ರಸ್ತೆಯಲ್ಲೇ ಮುಂದಕ್ಕೆ ಹೋದರೆ ಸಿಗುವ ಗಂಜಾಂನಲ್ಲಿ ಅವರ ಹೆಸರು ಹೇಳುವ ಚರ್ಚು ಈಗಲೂ ಇದೆ.

ದುಬಾಯ್ ಅವರು ದೊರೆಗಳ ಬಣ್ಣದವರು. ಬಯಸಿದ್ದರೆ ದೊರೆಗಳ ಹಾಗೇ ಇರಬಹುದಿತ್ತು. ಅವರು ಈ ನಾಡಿನ ಉಡುಪು ತೊಟ್ಟರು, ನಮ್ಮವರ ನಡೆನುಡಿ ಕಲಿತರು, ಜನಕ್ಕೆ ಹಿಡಿಸದ್ದನ್ನು ಬಿಟ್ಟರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅಂತ ಕರೆದರು. ಯುದ್ಧದಲ್ಲಿ ಎಲ್ಲ ಕಳಕೊಂಡವರಿಗೆ ಬೋಧನೆಗಿಂತ ಮೊದಲು ಬೇಕಾದದ್ದು ನೆಲ, ನೇಗಿಲು. ಹಾಸನದ ಹತ್ತಿರದ ಸತ್ತಿಹಳ್ಳಿಯೇ ಮೊದಲಾದ ಕಡೆ ಬಡವರನ್ನು ಬೇಸಾಯಕ್ಕೆ ನೆಲೆ ನಿಲ್ಲಿಸಿದರು.

ಇನ್ನು ಹಸುವಿನ ವಿಷಯ. ಆ ಕಾಲದಲ್ಲಿ ಸಿಡುಬು ಹೊಕ್ಕ ಮನೆಯಲ್ಲಿ ಮಕ್ಕಳು ಉಳಿಯುವ ಭರವಸೆ ಇರಲಿಲ್ಲ, ಉಳಿದವರಲ್ಲೂ ಎಷ್ಟೋ ಜನಕ್ಕೆ ಕಣ್ಣು ಹೋಗುತ್ತಿತ್ತು. ಹಸುವಿನ ಕೆಚ್ಚಲ ಮೇಲೆ ಏಳುವ ಒಂದು ಬಗೆಯ ಗುಳ್ಳೆ ಹಾಲು ಕರೆಯುವವರ ಕೈಗೆ ಹತ್ತಿದರೆ ಅವರಿಗೆ ಸಿಡುಬು ಬರುವುದಿಲ್ಲ ಎಂಬ ಮಾತು ಇಂಗ್ಲೆಂಡಿನ ಹಳ್ಳಿಗಳಲ್ಲಿತ್ತು. ಜೆನ್ನರ್ ಎಂಬ ವೈದ್ಯರು 1796ರಲ್ಲಿ ಅದನ್ನು ಪರೀಕ್ಷೆ ಮಾಡಿ ತೋರಿಸಿದರು. 1802ರಲ್ಲಿ ಆ ದಾಕು ಭಾರತಕ್ಕೆ ಬಂತು.

ಆದರೆ ಆಗ ಐಸ್ ಪೆಟ್ಟಿಗೆ ಇಲ್ಲ, ಬಾಟಲಿಯ ಔಷಧಿ ಇಲ್ಲ. ಒಂದು ಮಗುವಿಗೆ ದಾಕು ಹಾಕಿದರೆ ಸುಮಾರು ಎಂಟನೆಯ ದಿನಕ್ಕೆ ತೋಳಿನ ಗುಳ್ಳೆ ತುಂಬಿಕೊಳ್ಳುತ್ತದೆ. ಆ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಎಲ್ಲಾದರೂ ಸರಪಳಿ ತುಂಡಾಯಿತೋ, ದಾಕೇ ಇಲ್ಲದಂತಾಯಿತು. ಅಂದರೆ ತನ್ನ ಮಗುವಿಗೆ ದಾಕು ಹಾಕಿಸಿಕೊಂಡ ತಾಯಿ ವಾರ ಕಳೆದ ಮೇಲೆ ಮತ್ತೆ ಬರಬೇಕು, ಈ ಸಲ ಬೇರೆಯವರ ಮಗುವಿಗೋಸ್ಕರ. ಯಾರ ಮಗುವಿನ ರಸ ಯಾರ ತೋಳಿಗೆ, ಯಾವ ಜಾತಿ, ಅಮ್ಮ ಮುನಿದರೆ ಏನು ಗತಿ ಎಂಬ ಹೆದರಿಕೆ ಬೇರೆ. ಸರ್ಕಾರದ ಹುಕುಂನಿಂದ ಆಗುವ ಕೆಲಸವೇ ಇದು? ನಂಬಿಕೆ ಇದ್ದ ಮನುಷ್ಯನೇ ಹೋಗಿ ಹೇಳಬೇಕು. ದೊಡ್ಡ ಸ್ವಾಮಿಯವರ ಮುಂದಾಳತ್ವದಲ್ಲಿ 1803-04ರಲ್ಲಿ 25,432 ಜನಕ್ಕೆ ದಾಕು ಹಾಕಿದ ಲೆಕ್ಕ ಸಿಗುತ್ತದೆ.

ಒಂದು ಕೊರತೆಯನ್ನೂ ಮುಚ್ಚಿಡಬಾರದು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಹ ತೆತ್ತು ಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಲೋಕದಲ್ಲಿ ಹೆಸರು ಬಂದದ್ದು ಇದರಿಂದಲೇ. ಅದರ ಬಹುಭಾಗ ಅವರಿಗಿಂತ ಹಿಂದಿನ ಕೇರ್ದು ಎಂಬ ಪಾದ್ರಿಯ ಬರಹದಿಂದ ಎತ್ತಿದ್ದೆಂದು 1987ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ನಮ್ಮವರ ಬಗ್ಗೆ ಅದರಲ್ಲಿ ಕಟುಮಾತುಗಳೂ ಇವೆ. ನನಗಂತೂ ಆ ಪುಸ್ತಕಕ್ಕಿಂತ ದಾಕಿನ ಲೆಕ್ಕವೇ ದೊಡ್ಡದು. ಹಾಗಂತ ಅವರು ಎಲ್ಲ ಕಡೆಯೂ ಜಂಭ ಕೊಚ್ಚಿಕೊಂಡವರಲ್ಲ. 25 ವರ್ಷ ದುಡಿದು ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನಷ್ಟೆ, ಕೆಲಸ ಕೈಗೂಡಲಿಲ್ಲ ಎಂದು ಅವರೇ ಬರೆದು ಪ್ರಕಟಿಸಿದರು. ಅದನ್ನು ಓದಿ ಬೇರೆ ಪಾದ್ರಿಗಳು ಅವರ ಮೇಲೆ ತಿರುಗಿಬಿದ್ದರು.

1823ರಲ್ಲಿ ಪ್ಯಾರಿಸ್ಸಿಗೆ ಮರಳಿದರು, 1848ರಲ್ಲಿ ತೀರಿಕೊಂಡರು. ಸಿಡುಬು ನಮ್ಮ ದೇಶ ಬಿಟ್ಟಿದೆ ಎಂದು ಸಾರಿದ್ದು 1977ರಲ್ಲಿ. ಈಗಿನ ಮಕ್ಕಳಿಗೆ ಆ ದಾಕು ಇಲ್ಲ. ಆದರೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ನಮ್ಮ ಹಿರಿಯರ ತೋಳು ನೋಡಿ, ಮೇಲ್ಗಡೆ ದುಂಡಗೆ ಒಂದು ಕಲೆ ಕಾಣುತ್ತದೆ.