ಮುದ್ದಣನೆಂಬ ಮನೆಯ ಹೆಸರು

ಹೋದ ಮಳೆಗಾಲದಲ್ಲಿ ನಮ್ಮ ಸೋಂಪುರದ ವಿದ್ಯಾರ್ಥಿಯೊಬ್ಬನು ನನ್ನ ಮೇಜಿನ ಮೇಲೆ ಒಂದು ಕವಿತೆಯನ್ನಿಟ್ಟುಹೋದನು. ಕೆಳಗೆ ಹೆಸರಿರಲಿಲ್ಲ. ಕರೆದು ವಿಚಾರಿಸಲಾಗಿ, ಅದು ತನ್ನದಲ್ಲವೆಂದೂ ಯಾವುದೋ ಹಳೆಯ ಪುಸ್ತಕದಿಂದ ಬರೆದುಕೊಂಡದ್ದೆಂದೂ ಹೇಳಿದನು. ಬಂಧುಗಳ ಆಶ್ರಯದಲ್ಲಿ ಬೆಳೆದ ಬಡ ಹುಡುಗ. ಬಾಯಿ ಹೇಳಿದ್ದನ್ನು ಅವನ ಕಣ್ಣು ಒಪ್ಪಲಿಲ್ಲ. ನನಗೆ ಆಗ ಮುದ್ದಣನ ನೆನಪಾಯಿತು.

ನಂದಳಿಕೆಯ ಲಕ್ಷ್ಮೀನಾರಾಣಪ್ಪನವರು ಹುಟ್ಟಿದ್ದು 1870ರ ಜನವರಿ 24ರಂದು. ಮನೆಯಲ್ಲಿ ಕಡುಬಡತನ. ಇಂಗ್ಲಿಷ್ ಓದಲೆಂದು ಉಡುಪಿಗೆ ಹೋದವರು ಅನುಕೂಲವಿಲ್ಲದೆ ಅದನ್ನು ನಡುವೆಯೇ ಬಿಟ್ಟು, ಉಪಾಧ್ಯಾಯರ ತರಬೇತಿಗೆ ಸೇರಿದರು. ಅಲ್ಲಿಂದ ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣ ಪಡೆದು ಬಂದು, ಉಡುಪಿ ಕುಂದಾಪುರಗಳಲ್ಲಿ ಡ್ರಿಲ್ ಮಾಸ್ತರರಾದರು. ಆ ಹುದ್ದೆಗೆ ಶಾಲೆಯಲ್ಲಿ ಸಲ್ಲುವ ಮರ್ಯಾದೆ ಎಷ್ಟೆಂಬುದನ್ನು ಉಪಾಧ್ಯಾಯವರ್ಗದ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ.

ಹಗಲು ಮಕ್ಕಳಿಗೆ ಕವಾಯತು ಕಲಿಸುತ್ತಿದ್ದ ಈ ಮನುಷ್ಯ ಹಳಗನ್ನಡ ಕಾವ್ಯಗಳನ್ನು ಆಳವಾಗಿ ಓದಿಕೊಂಡಿದ್ದರು. 1895ರಲ್ಲಿ ಅದ್ಭುತ ರಾಮಾಯಣ, ಮರುವರ್ಷ ಶ್ರೀರಾಮಪಟ್ಟಾಭಿಷೇಕ, ಆಮೇಲೆ ಶ್ರೀರಾಮಾಶ್ವಮೇಧ, ಹೀಗೆ ಒಂದೊಂದಾಗಿ ಅವರ ಕೃತಿಗಳು ಮೈಸೂರಿನಲ್ಲಿ ಬೆಳಕು ಕಂಡವು. ಆದರೆ ಯಾವುದನ್ನೂ ತಮ್ಮದೆಂದು ಅವರು ಹೇಳಿಕೊಳ್ಳಲಿಲ್ಲ. ಹಿಂದಿನವರು ಬರೆದ ಕೃತಿಗಳೆಂದೇ ನಂಬಿಸಿದರು. ಪಂಡಿತರೂ ನಂಬಿದರು. ಅವರ ಹಳಗನ್ನಡಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ? ಆದರೆ ಆ ಪ್ರಶಸ್ತಿ ಅವರಿಗೆ ಸಲ್ಲುವಂತಿರಲಿಲ್ಲ.

ಇದನ್ನು ಕೀಳರಿಮೆಯೆಂದೇ ನಾನು ಬಹುಕಾಲ ತರಗತಿಯಲ್ಲಿ ಹೇಳುತ್ತಿದ್ದೆ. ಬಾಲ್ಯದಲ್ಲಿ ಇಲ್ಲದವನಾಗಿ ಬೆಳೆದವನಿಗೆ ದೊಡ್ಡವನಾದ ಮೇಲೂ ತನ್ನದೆಂದು ಕೈಚಾಚಿ ಹೇಳಲು ಧೈರ್ಯ ಸಾಲದೆಂಬುದು ನನ್ನ ವ್ಯಾಖ್ಯಾನವಾಗಿತ್ತು. ಈಗ ಅದು ಅರ್ಧ ಸತ್ಯವೆಂದು ತೋರುತ್ತದೆ. ರಾಮಾಶ್ವಮೇಧದ ಕಥೆ ಹೇಳುವ ಕವಿಗೆ ಅವರಿಟ್ಟ ಹೆಸರು ಮುದ್ದಣ. ಅದು ಯಾವ ಪ್ರಾಚೀನನ ಹೆಸರೂ ಅಲ್ಲ. ಮಗುವಾಗಿದ್ದಾಗ ಮನೆಯವರು ಅಕ್ಕರೆಯಿಂದ ಕರೆಯುತ್ತಿದ್ದ ಹೆಸರೆಂದು ಹೇಳುತ್ತಾರೆ. ಶಾಲೆಯ ಹಾಜರಿ ಪುಸ್ತಕದ ಹೆಸರನ್ನು ಮರೆಮಾಡಿದವರು ತೊಟ್ಟಿಲ ಹೆಸರನ್ನು ಕಾವ್ಯದಲ್ಲಿ ಉಳಿಸಿಕೊಂಡರು. ಹೊರಗಿನವರು ಕೊಡದಿದ್ದ ಬೆಲೆಯನ್ನು ಬಡವರ ಮನೆಯೊಂದು ಮೊದಲೇ ಕೊಟ್ಟಿತ್ತಷ್ಟೆ.

ಮನೋರಮೆಯನ್ನೇ ನೋಡಿ. ಮಳೆಗಾಲದಲ್ಲಿ ಗಂಡನ ಬಳಿ ಕಥೆ ಕೇಳುತ್ತ ಕುಳಿತ ಆಕೆ ಅವನ ಪಾಂಡಿತ್ಯಕ್ಕೆ ಸ್ವಲ್ಪವೂ ಹೆದರಳು. ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ, ಅಣಕಿಸುತ್ತಾಳೆ, ತಿಳಿಯಾದ ಕನ್ನಡ ಬೇಕೆನ್ನುತ್ತಾಳೆ, ಅವನೂ ಸೋಲುತ್ತಾನೆ. ತನ್ನ ಯೋಗ್ಯತೆಯಲ್ಲಿ ನಂಬಿಕೆಯಿಲ್ಲದವನು ಹೆಂಡತಿಯ ಕೈಯಲ್ಲಿ ಇಷ್ಟು ಸಂತೋಷದಿಂದ ಸೋಲುತ್ತಿದ್ದನೆ? 1893ರಲ್ಲಿ ಅವರ ಕೈಹಿಡಿದ ಕಮಲಾಬಾಯಿಯವರೇ ಮನೋರಮೆಯೆಂದು ಹಲವರು ಬಗೆದಿದ್ದಾರೆ. ಅದು ಹೇಗೇ ಇರಲಿ, ಅಂಥ ಸಲಿಗೆಯನ್ನು ಬಲ್ಲವರಲ್ಲದೆ ಬರೆಯಲಾರರು.

ಕ್ಷಯರೋಗ ತಗುಲಿ, 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲೇ ತೀರಿಕೊಂಡರು. ಕೃತಿಗಳು ಅವರವೇ ಎಂಬುದು ಲೋಕಕ್ಕೆ ಗೊತ್ತಾದದ್ದು ಆಮೇಲೆ.

ಆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಮನೆಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆಂದು ಕೇಳಿದೆ. ನಾಚಿ, ಕಿಟಕಿಯಾಚೆ ಶಿವಗಂಗೆಯ ಬೆಟ್ಟದತ್ತ ನೋಡಿದನು, ಹೇಳಲಿಲ್ಲ. ಕವಿತೆಯನ್ನು ಮಾತ್ರ ಹಿಂದಕ್ಕೆ ಇಸಿದುಕೊಂಡು ಹೋದನು.