ಧಾರವಾಡದಲ್ಲಿ ಹುಟ್ಟಿದ ಬೌಲರ್: ಪಾಲ್ವಣಕರ ಬಾಲೂ

ಕ್ರಿಕೆಟ್ ಇದ್ದರೆ ನಮ್ಮ ಹುಡುಗರಿಗೆ ಊಟದ ನೆನಪೂ ಆಗುವುದಿಲ್ಲ. ಆದರೆ ಭಾರತದ ಮೊದಲ ದೊಡ್ಡ ಸ್ಪಿನ್ ಬೌಲರ್ ಹುಟ್ಟಿದ್ದು ನಮ್ಮ ಮಗ್ಗುಲ ಧಾರವಾಡದಲ್ಲಿ ಎಂದರೆ ಗೆಳೆಯರು ನಂಬಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪಾಲ್ವಣಕರ ಬಾಲೂ ಅವರು 1875-76ರ ಸುಮಾರಿಗೆ ಚಮ್ಮಾರ ಕುಟುಂಬದಲ್ಲಿ ಹುಟ್ಟಿದರು. ಆಗ ಧಾರವಾಡ, ಬೆಳಗಾವಿ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು. ತಂದೆಗೆ ಪುಣೆಯಲ್ಲಿ ಸೈನ್ಯದ ಕೆಲಸ. ಸೈನ್ಯದ ಅಧಿಕಾರಿಗಳು ಬಿಟ್ಟ ಹಳೆಯ ಬ್ಯಾಟು ಚೆಂಡಿನಲ್ಲೇ ಬಾಲೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ ಕೆಲಸ, ತಿಂಗಳಿಗೆ 3 ರೂಪಾಯಿ. ಆಮೇಲೆ ಯುರೋಪಿಯನ್ನರ ಪುಣೆ ಕ್ಲಬ್ಬಿನಲ್ಲಿ 4 ರೂಪಾಯಿ. ರೋಲರ್ ಎಳೆಯಬೇಕು, ನೆಟ್ ಕಟ್ಟಬೇಕು, ಸಾಹೇಬರಿಗೆ ಬೌಲಿಂಗ್ ಮಾಡಬೇಕು. ಗ್ರೇಗ್ ಎಂಬ ಸಾಹೇಬರು ತಮ್ಮನ್ನು ಔಟ್ ಮಾಡಿದಾಗಲೆಲ್ಲ 8 ಆಣೆ ಕೊಡುತ್ತಿದ್ದರಂತೆ. ಗಂಟೆಗಟ್ಟಲೆ ಎಡಗೈಯಿಂದ ಚೆಂಡು ಹಾಕಿದ್ದೇ ಅವರ ಶಾಲೆಯಾಯಿತು. ಬ್ಯಾಟು ಮಾತ್ರ ಅವರ ಕೈಗೆ ಸಿಗುತ್ತಿರಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಸಾಹೇಬರನ್ನು ಸೋಲಿಸುವ ಆಸೆ. ಹೀಗಾಗಿ ಬಾಲೂ ಬೇಕಾದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಅವರು ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಚೆಂಡಿಗಿಲ್ಲದ ಮೈಲಿಗೆ ಕಪ್ಪಿಗೆ ಎಲ್ಲಿಂದ ಬಂತು ಎಂದು ನನಗೆ ಇನ್ನೂ ತಿಳಿದಿಲ್ಲ. ಅವರು ವಿಕೆಟ್ ಕೀಳುತ್ತಾ ಹೋದಂತೆ ಈ ಪದ್ಧತಿ ಸಡಿಲಾಯಿತು.

ಮುಂದೆ ಮುಂಬಯಿಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲೂ, ಶಿವರಾಮ ಇಬ್ಬರೂ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಹಿಂದೂ, ಮುಸ್ಲಿಂ, ಪಾರ್ಸಿ, ಸಿಖ್ ಎಲ್ಲರೂ ಇದ್ದ ತಂಡ ಅದು. ಸೋತದ್ದೇ ಹೆಚ್ಚು. ಆದರೆ ಮೂವತ್ತೈದು ದಾಟಿದ್ದ ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು. ಭುಜದ ನೋವಿನ ನಡುವೆ!

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ಪ್ರತಿ ವರ್ಷ ಕೇಳಿಬರುತ್ತಿದ್ದ ಹೆಸರು, ಪ್ರತಿ ವರ್ಷ ಬೇರೆಯವರ ಪಾಲು. 1923ರಲ್ಲಿ ತಮ್ಮ ವಿಠ್ಠಲ ನಾಯಕರಾದರು, ತಂಡವೂ ಗೆದ್ದಿತು.

ಡಾ. ಅಂಬೇಡ್ಕರರು ಯುವಕರಾಗಿದ್ದಾಗ ಬಾಲೂ ಅವರನ್ನು ಬಹಳ ಮೆಚ್ಚಿಕೊಂಡವರು. ವಿಚಿತ್ರವೆಂದರೆ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅದೇ ಅಂಬೇಡ್ಕರರ ಎದುರು ನಿಂತು ಬಾಲೂ ಸೋತರು.

1955ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಆಗಲೇ ಅವರಿಗೆ ಐವತ್ತು ದಾಟಿತ್ತು. ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಹುಡುಕಿದರೆ ಅವರ ಹೆಸರು ಸಿಗುವುದಿಲ್ಲ.